ಖಲೀಲನ ಕಹಿ ಬಟ್ಟಲು

ಇಬ್ರಾಹಿಂ ಖಲೀಲನ ಮುಖಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಕೊಲ್ಲಿ ನಾಡಿನ ಫರ್ವಾನಿಯಾದ ಇಕ್ಕಟ್ಟು ಓಣಿಯ ಚೀನೀ ಕಷಾಯದಂಗಡಿಯಲ್ಲಿ, ಬೆಳಗಿನ ಮೊದಲ ಬಟ್ಟಲನ್ನು ತಾನೇ ಕುಡಿದು, ಹುಬ್ಬು ಗಂಟಿಕ್ಕಿ, ಎಡಗಣ್ಣು ಮುಚ್ಚಿ, ಮೈಯನ್ನೊಮ್ಮೆ ಜಾಡಿಸಿದನೆಂದರೆ, ಮೂಲೆಯಲ್ಲಿ ಕುಳಿತ ವೃದ್ಧ ಯಜಮಾನ ಲಾವ್ ತೃಪ್ತಿಯಿಂದ ತಲೆಯಾಡಿಸುತ್ತಾನೆ. ವಯಸ್ಸಿನೊಡನೆ ನಾಲಗೆಯ ರುಚಿ ಕಳೆದುಕೊಂಡ ಆತನಿಗೆ ಕಷಾಯದ ಹದ ತಿಳಿಯುವುದು ಬಂಟ್ವಾಳದ ಈ ಬ್ಯಾರಿಯ ಮುಖದಿಂದಲೇ.

ಲಾವ್‌ನ ಅಜ್ಜನದೂ ಚೀನಾದ ಕ್ಯಾಂಟನ್ನಿನಲ್ಲಿ ಇಂಥದೇ ಅಂಗಡಿ. ಸೆಕೆಯೂ ತೇವವೂ ತುಂಬಿದ ಆ ಸೀಮೆಯಲ್ಲಿ, ವೈದ್ಯನ ಬಳಿ ಹೋಗಲಾರದ ಕೂಲಿಗಳೂ ದೋಣಿಯವರೂ ಮೈಯ ಉಷ್ಣ ಇಳಿಯಲೆಂದು ಬೇರು, ಎಲೆ, ಹೂಗಳ ಕಪ್ಪು ಕಷಾಯವನ್ನು ನಿಂತಲ್ಲೇ ಕುಡಿದು ಹೋಗುತ್ತಿದ್ದರಂತೆ. ಅವರು ಹಡಗು ಹತ್ತಿದಾಗ ಕಷಾಯವೂ ಬೆನ್ನಟ್ಟಿ ಬಂದು ಪರದೇಶಗಳಲ್ಲಿ ಒಲೆ ಹೂಡಿತಂತೆ. ಊರಿನಲ್ಲಿ ಮಳೆಗಾಲದ ಆಟಿ ಅಮಾವಾಸ್ಯೆಗೆ ನೆರೆಮನೆಯವರು ಕೊಡುತ್ತಿದ್ದ ಪಾಲೆಮರದ ತೊಗಟೆಯ ಕಹಿ ಕಷಾಯ ಕುಡಿದು ಬೆಳೆದ ಖಲೀಲನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಸಮೀಪದ ಚೀನೀ ಕಂಪನಿಯ ಕಾಮಗಾರಿ ಮುಗಿದು ಗಿರಾಕಿಗಳು ಕರಗಿದಾಗ, ಅಂಗಡಿಯ ಪರವಾನಗಿ ಯಾರ ಹೆಸರಲ್ಲಿತ್ತೋ ಆ ಅರಬ ಕಫೀಲ್ ಬಂದು ನಿಂತ.

“ಸಕ್ಕರೆ ಹಾಕು, ಐಸ್ ಹಾಕು. ಇಲ್ಲವಾದರೆ ಜ್ಯೂಸ್ ಅಂಗಡಿ ಮಾಡುತ್ತೇನೆ, ಖಲಾಸ್!”

“ಹಾಕಿಬಿಡು ಮಾರಾಯ, ಈ ಕಹಿ ಯಾರಿಗೆ ಬೇಕು?” ಎಂದ ಪಕ್ಕದ ಮೊಬೈಲ್ ಅಂಗಡಿಯ ಸಫ್ವಾನ್.

ಲಾವ್ ತಲೆ ತಗ್ಗಿಸಿದ. ತಾನು ಈ ದೇಶದಲ್ಲಿ ಉಳಿಯಲು ಬೇಕಾದ ಇಕಾಮಾ ಪತ್ರ ಕಫೀಲನ ಕೈಯಲ್ಲಿದೆಯೆಂಬುದು ಖಲೀಲನಿಗೆ ಗೊತ್ತಿತ್ತು. ಆದರೂ ಬಟ್ಟಲು ತುಂಬಿ ಆತನ ಮುಂದಿಟ್ಟು, ತನ್ನ ಊಟದ ಡಬ್ಬಿಯಿಂದ ಎರಡು ಖರ್ಜೂರ ತೆಗೆದು ಪಕ್ಕಕ್ಕಿರಿಸಿ ಕೇಳಿದ:

“ಬಾಬಾ, ಖರ್ಜೂರದ ಜೊತೆ ಕೊಡುವ ನಿಮ್ಮ ಮನೆಯ ಕಹ್ವಾ ಕಾಫಿಗೆ ಸಕ್ಕರೆ ಹಾಕ್ತೀರಾ?”

ಕಫೀಲ್ ದುರುಗುಟ್ಟಿ ನೋಡಿದ, ಕುಡಿದ, ಮುಖ ಕಿವುಚಿದ, ಖರ್ಜೂರ ಬಾಯಿಗಿಟ್ಟುಕೊಂಡ. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕ. “ವಲ್ಲಾ, ಹೀಗೇ ಕೊಡು!”

ಆತ ಹೋದ ಮೇಲೆ ಲಾವ್ ಮೆಲ್ಲನೆ ಹೇಳಿದ: “ಅಜ್ಜ ಬಟ್ಟಲಿನ ಜೊತೆ ಒಣಗಿಸಿದ ಹಣ್ಣು ಕೊಡ್ತಿದ್ದ. ನಾನೇ ಮರೆತುಬಿಟ್ಟಿದ್ದೆ.”

ಈಗ ಕಫೀಲನ ಗೆಳೆಯರೂ ಸಂಜೆಗೆ ಬಂದು ಬೈಯುತ್ತಲೇ ಕುಡಿಯುತ್ತಾರೆ. ಸಫ್ವಾನನೂ ಕುಡಿಯುತ್ತಾನೆ, ಖರ್ಜೂರದ ಆಸೆಗೆಂದು ಹೇಳಿಕೊಂಡು. ಖಲೀಲ ಒಲೆಯ ಪಕ್ಕ ನೆಮ್ಮದಿಯಿಂದ ಗುನುಗುತ್ತಿರುತ್ತಾನೆ.

ಲೋಕದಲ್ಲಿ ಇಂಥವರು ಕೆಲವರಿರುತ್ತಾರೆ: ಯಾರದೋ ಅಜ್ಜ ಹೊತ್ತಿಸಿದ ಒಲೆಯನ್ನು ತಮ್ಮದೆಂದೇ ಊದುತ್ತಾರೆ, ಹದ ಮಾತ್ರ ಕೆಡಗೊಡುವುದಿಲ್ಲ, ಬಂದವರನ್ನು ಉಪಚರಿಸುವ ಬಗೆಯನ್ನು ನಿಂತ ನೆಲದಿಂದಲೇ ಕಲಿಯುತ್ತಾರೆ.