ಅಕ್ಕನ ಪರದೆ, ಊರೂರ ಕಿಟಕಿ

ನಮ್ಮ ಮನೆ ಫೋನಿನೊಳಗೆ ಕೂತಿರುವುದನ್ನು ಮೊದಲು ಕಂಡವಳು ನಾನು. ಕಾಜಾ ಹೊಲಿದು ಹೊಲಿದು ಬೆರಳು ನೋಯುತ್ತಿತ್ತು. ಸ್ವಲ್ಪ ಬಿಡುವು ಮಾಡಿಕೊಂಡು, ಖಾಲಿ ಬಿದ್ದಿದ್ದ ಕೆಳಗಿನ ಮನೆಗೆ ಎಂಥವರು ಬರಬಹುದೋ ಎಂಬ ಕುತೂಹಲಕ್ಕೆ ಬಾಡಿಗೆ ಮನೆಗಳ ಜಾಹೀರಾತು ತೆರೆದೆ. ಅದನ್ನು ಮನೆಯೊಡತಿ ಬ್ರೋಕರ್ ಕೈಯಲ್ಲಿ ಹಾಕಿಸಿದ್ದರು. ಮೊದಲ ಚಿತ್ರ ಗೇಟಿನದು. ಆಮೇಲೆ ಮೆಟ್ಟಿಲು. ಅದರ ಮುಂದಿನದರಲ್ಲಿ ನಮ್ಮ ಹೊಲಿಗೆ ಯಂತ್ರ, ಹಿಂದೆ ಕಿಟಕಿ, ಕಿಟಕಿಗೆ ಅಕ್ಕ ಹೊಲಿದ ಪರದೆ.

"ಅಕ್ಕಾ, ಇಲ್ಲಿ ನೋಡೇ."

ಅಕ್ಕ ನೋಡಿದಳು. ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತುಬಿಟ್ಟಿತು.

ಗಿರಾಕಿಗಳ ಬಟ್ಟೆಯಲ್ಲಿ ಮಿಕ್ಕ ಚೂರುಗಳನ್ನು ಜೋಡಿಸಿ ಅಕ್ಕ ಪರದೆ ಮಾಡುತ್ತಾಳೆ. ಕೆಳಗಿನ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ತ್ರಿಕೋನಗಳ ಸಾಲು ಇರುತ್ತದೆ. ಆ ಸಾಲಿನಲ್ಲಿ ಒಂದನ್ನು ಮಾತ್ರ ಬೇಕೆಂತಲೇ ತಲೆಕೆಳಗಾಗಿ ಕೂರಿಸುತ್ತಾಳೆ. ಯಾಕೆ ಎಂದರೆ, "ಎಲ್ಲಾ ಒಂದೇ ಕಡೆ ಮುಖ ಮಾಡ್ಕೊಂಡಿದ್ರೆ ಅವಕ್ಕೆ ಬೇಜಾರಾಗಲ್ವಾ?" ಎನ್ನುತ್ತಾಳೆ. ಅವಳು ಬಿಟ್ಟು ಬಂದ ಗಂಡನ ಮನೆಯಲ್ಲೂ ಅಂಥದೇ ಪರದೆಗಳಿದ್ದವು. ಬಂದವರಿಗೆಲ್ಲ ಆ ತ್ರಿಕೋನ ತೋರಿಸಿ, "ಒಂದು ಸಾಲು ನೆಟ್ಟಗೆ ಹೊಲಿಯೋಕೆ ಬರಲ್ಲ, ಇವಳು ದೊಡ್ಡ ಟೈಲರು" ಎಂದು ಅವನು ನಗುತ್ತಿದ್ದ. ಬಂದವರು ಹೋದ ಮೇಲೆ ಹೊಡೆಯುತ್ತಿದ್ದ.

ಹಿಂದೆ ಒಮ್ಮೆ ನಾವು ತಪ್ಪಿಸಿಕೊಂಡು ಬಂದಾಗ ಅವನು ಹುಡುಕಿಕೊಂಡು ಬಂದು, ನಡುಬೀದಿಯಲ್ಲಿ ಅವಳ ಕೈ ತಿರುಚಿದ್ದ. ಅದಕ್ಕೇ ಈ ಊರಿಗೆ ಬಂದ ಮೇಲೆ ಬಾಗಿಲಿಗೆ ಬೋರ್ಡು ಹಾಕಿರಲಿಲ್ಲ. ಫೋನ್ ನಂಬರು ಬದಲಾಯಿಸಿದ್ದೆವು. ನಮ್ಮ ಮುಖ ಎಲ್ಲಿಯೂ ಫೋಟೊಗೆ ಬಿದ್ದಿರಲಿಲ್ಲ. ಇಷ್ಟು ಜೋಪಾನ ಮಾಡಿದರೂ ಪರದೆ ಫೋಟೊಗೆ ಬಿದ್ದಿತ್ತು. ಅವನು ಮನೆ ಸಾಮಾನು ಸಾಗಿಸುವ ಲಾರಿಯವನು. ಯಾವ ಊರಲ್ಲಿ ಯಾವ ಮನೆ ಖಾಲಿಯಾಗುತ್ತಿದೆ, ಯಾರಿಗೆ ಲಾರಿ ಬೇಕಾದೀತು ಎಂದು ಇಂಥ ಜಾಹೀರಾತುಗಳನ್ನು ಜಾಲಾಡುವುದೇ ಅವನ ದಿನದ ಕೆಲಸ.

"ಚೀಲ ಇಳಿಸು," ಎಂದಳು ಅಕ್ಕ, ಅಟ್ಟದ ಕಡೆ ನೋಡುತ್ತಾ. "ಇನ್ನೊಂದು ಊರು ನೋಡೋಣ."

ನಾನು ಚೀಲ ಇಳಿಸಿಕೊಟ್ಟೆ. ಆಮೇಲೆ, ಅವಳನ್ನು ಕೇಳದೆಯೇ, ಕೆಳಗಿಳಿದು ಪಕ್ಕದಲ್ಲೇ ಇರುವ ಮನೆಯೊಡತಿಯ ಹತ್ತಿರ ಹೋದೆ.

ನಮ್ಮ ಮನೆಯೊಡತಿ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಬೀದಿಯವರೆಲ್ಲ ಕಂಡಕ್ಟರಮ್ಮ ಎನ್ನುತ್ತಾರೆ. ಪಕ್ಕದಲ್ಲಿ ನಿಂತವರೊಡನೆಯೂ ಹಿಂದಿನ ಸೀಟಿಗೆ ಕೇಳುವಂತೆ ಮಾತಾಡುವುದು ಅವರ ಪದ್ಧತಿ. ಫೋಟೊ ತೋರಿಸಿದರೆ ಅವರ ಮುಖ ಅರಳಿತು.

"ಚೆನ್ನಾಗಿ ಬಂದಿದೆ ಅಲ್ವಾ? ಕೆಳಗಡೆ ಬಣ್ಣ ಹೊಡೀತಿದ್ರು, ಬರೀ ಡಬ್ಬ, ಗಲೀಜು. ಮೇಲೂ ಕೆಳಗೂ ನಕ್ಷೆ ಒಂದೇ ತಾನೆ? ನೀವು ಬಟ್ಟೆ ಅಂಗಡಿಗೆ ಹೋಗಿದ್ರಿ. ನನ್ನ ಹತ್ರ ಇರೋ ಕೀಲಿಯಿಂದ ತೆಗೆದು, 'ಈ ಮನೇದೇ ಫೋಟೊ ಹೊಡಿಯಪ್ಪಾ' ಅಂದೆ. ಕನ್ನಡಿ ಇಟ್ಕೊಂಡ ಹಾಗೆ ಇಟ್ಕೊಂಡಿದೀರಿ, ನಾಲ್ಕು ಜನ ನೋಡ್ಲಿ ಅಂತ!"

ನಾನು ಅವರ ಕಾಲ ಬಳಿ ಕೂತು ಎಲ್ಲ ಹೇಳಿದೆ. ಕೈ ತಿರುಚಿದ್ದನ್ನೂ ಹೇಳಿದೆ. ಅವರು ನನ್ನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಕೇಳಿದ್ದು ಅದೇ ಮೊದಲು. ನಾನು ಮುಗಿಸುತ್ತಲೇ ಎದ್ದು ಒಳಗೆ ಹೋಗಿ, ನಮ್ಮ ಮನೆಯ ಇನ್ನೊಂದು ಕೀಲಿ ತಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇದು ನಿಮ್ಮ ಹತ್ರಾನೇ ಇರ್ಲಿ. ನಾನು ಮಾಡಿದ್ದು ತಪ್ಪು ಕಣೆ."

ಮರುಕ್ಷಣವೇ ಬ್ರೋಕರ್‌ಗೆ ಫೋನು. ಅದಕ್ಕೆ ಫೋನೇ ಬೇಕಿರಲಿಲ್ಲವೇನೋ, ಅಷ್ಟು ದೊಡ್ಡ ದನಿ.

ಬ್ರೋಕರ್ ತಮ್ಮ ಹಳೇ ಕಾರಿನಲ್ಲಿ ಬಂದರು. ಬೊಕ್ಕತಲೆ, ನಗುಮುಖ, ನಿಲ್ಲದ ಬಾಯಿ. "ಅಮ್ಮಾ, ಆ ಪರದೆ ನೋಡಿ ಎಷ್ಟು ಜನ ಫೋನ್ ಮಾಡಿದಾರೆ ಗೊತ್ತಾ? ಅದನ್ನ ತೆಗಿ ಅಂದ್ರೆ ಹೇಗೆ?"

"ಇಳಿಸು ಅಂದ್ರೆ ಇಳಿಸ್ಬೇಕು. ನಿನಗಿಂತ ಘಟಾನುಘಟಿಗಳನ್ನ ಬಸ್ಸಿಂದ ಇಳಿಸಿದೀನಿ."

ವಿಷಯ ತಿಳಿದ ಮೇಲೆ ಬ್ರೋಕರ್ ತಲೆ ಸವರಿಕೊಂಡು ಫೋನ್ ಹಿಡಿದು ಕೂತು ಕೆಲಸಕ್ಕೆ ತೊಡಗಿದರು. ಪರದೆಯ ಚಿತ್ರ ತೆಗೆದರು. ಬೇರೇನಾದರೂ ಕಾಣುತ್ತದೆಯೇ ಎಂದು ಕೆಳಗಿಳಿದು ಬಂದ ಅಕ್ಕ ಕೇಳಿದಾಗ ನಾನು ತೋರಿಸಿದೆ: ಕಿಟಕಿಯಾಚೆ ನೀರಿನ ಟ್ಯಾಂಕು, ಬಚ್ಚಲ ಕನ್ನಡಿಯೊಳಗೆ ಹಿಂಬಾಗಿಲಿನ ಸಡಿಲ ಚಿಲಕ. ಅವೂ ಹೋದವು. ನಕ್ಷೆಯಲ್ಲಿ ನೇರ ನಮ್ಮ ಗೇಟಿನ ಮೇಲೆ ನಿಂತಿದ್ದ ಗುರುತನ್ನು ಮುಖ್ಯರಸ್ತೆಗೆ ಸರಿಸಿದರು. ಕಂಡಕ್ಟರಮ್ಮ ಅವತ್ತೇ ಹೊಸ ಚಿಲಕ ಹಾಕಿಸಿದರು.

ಆದರೆ ನಮ್ಮ ಪರದೆ ಇನ್ನೂ ಒಂದು ಕಡೆ ಉಳಿದಿತ್ತು. ಯಾರೋ ಇನ್ನೊಬ್ಬರು ತಮ್ಮ ಜಾಹೀರಾತು ತಾಣಕ್ಕೆ ಅದೇ ಚಿತ್ರವನ್ನು ಊರಿನ ಹೆಸರಿನ ಸಮೇತ ಎತ್ತಿ ಹಾಕಿಕೊಂಡಿದ್ದರು. "ತೆಗೀರಿ ಅಂತ ಬರ್ದಿದೀನಿ," ಎಂದರು ಬ್ರೋಕರ್. "ಆದ್ರೆ ಅವರು ಕಣ್ಣು ಬಿಟ್ಟು ನೋಡೋದು ಯಾವಾಗಲೋ."

ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು, ಕಿಟಕಿಯಿಂದ ಬಿಚ್ಚಿದ ಪರದೆ ತೊಡೆಯ ಮೇಲಿತ್ತು. ಆ ತ್ರಿಕೋನದ ಮೇಲೆ ಬೆರಳಾಡುತ್ತಿತ್ತು. ಬಿಚ್ಚಿ ನೆಟ್ಟಗೆ ಮಾಡಿಬಿಡುತ್ತಾಳೇನೋ ಎಂದು ನಾನು ಅವಳ ಪಕ್ಕಕ್ಕೆ ಹೋಗಿ ಕೂತೆ.

"ನೀವು ಎಷ್ಟು ಊರಲ್ಲಿ ಮನೆ ಫೋಟೊ ತೆಗೀತೀರಿ?" ಎಂದು ಬ್ರೋಕರ್ ಅವರನ್ನು ಕೇಳಿದಳು.

"ಸುತ್ತಮುತ್ತ ಎಲ್ಲಾ ಊರಲ್ಲೂ. ಪಕ್ಕದ ಜಿಲ್ಲೆ ತನಕ ಹೋಗ್ತೀನಿ."

"ಖಾಲಿ ಮನೆ ಕಿಟಕಿ ಬೋಳಾಗಿ ಕಾಣಲ್ವಾ?"

"ಥೇಟ್ ನನ್ನ ತಲೆ ಹಾಗೆ."

"ನಾನು ಪರದೆ ಹೊಲಿದು ಕೊಡ್ತೀನಿ, ಥೇಟ್ ಇಂಥದೇ. ಫೋಟೊ ತೆಗೆಯೋ ಮನೆಗೆಲ್ಲ ಕಟ್ಟಿ."

ಕಂಡಕ್ಟರಮ್ಮ ಬೆಚ್ಚಿದರು. "ನೀನೇ ಡಂಗುರ ಹೊಡೆದು ಕರೆದ ಹಾಗಾಗಲ್ವೇನೆ?"

"ಅವನು ಈಗ ನೋಡಿದ್ರೆ ಈ ಮನೆಗೆ ಬರ್ತಾನೆ. ಅಷ್ಟು ಊರಲ್ಲಿ ನೋಡಿದ್ರೆ ಯಾವ ಮನೆಗೆ ಅಂತ ಬರ್ತಾನೆ? ಎಷ್ಟು ಸಲ ಓಡಲಿ ನಾನು?" ಎಂದಳು ಅಕ್ಕ. ಅಕ್ಕ ಜಗಳವಾಡುವವಳಲ್ಲ. ಅಷ್ಟು ಮೆತ್ತಗೆ ಅಷ್ಟು ಗಟ್ಟಿ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಅವನು ತಿರುಚಿದ್ದ ಕೈಯಿಂದಲೇ ಪರದೆಯನ್ನು ಮಡಚತೊಡಗಿದಳು.

"ಇವನ ಬಾಯಿಗೆ ಯಾರು ಹೊಲಿಗೆ ಹಾಕೋದು?" ಎಂದು ಕಂಡಕ್ಟರಮ್ಮ ಬ್ರೋಕರ್ ಕಡೆ ಕೈ ತೋರಿಸಿದರು. "ನೀನು ಯಾವತ್ತಾದ್ರೂ ಒಂದು ಮಾತು ಹೊಟ್ಟೇಲಿ ಇಟ್ಕೊಂಡಿದೀಯೇನಪ್ಪಾ?"

ಬ್ರೋಕರ್ ನಗಲಿಲ್ಲ. "ನನಗೂ ಅಕ್ಕತಂಗೀರಿದಾರೆ, ಅಮ್ಮಾ," ಎಂದಷ್ಟೇ ಹೇಳಿದರು.

ಮನೆಯಲ್ಲಿದ್ದ ಚೂರುಗಳೆಲ್ಲ ಹೊರಗೆ ಬಂದವು. ಕಂಡಕ್ಟರಮ್ಮ ಇಸ್ತ್ರಿ ಹಾಕಿದರು, ನಾನು ತ್ರಿಕೋನ ಕತ್ತರಿಸಿದೆ, ಸಾಲು ಹೊಲಿದೆ. ತಲೆಕೆಳಗಿನದೊಂದನ್ನು ಮಾತ್ರ ಅಕ್ಕ ಯಾರಿಗೂ ಕೊಡಲಿಲ್ಲ. ಪ್ರತಿ ಸಲವೂ ತಾನೇ ಕೂರಿಸಿದಳು.

ಸ್ವಲ್ಪ ಕಾಲದಲ್ಲೇ ಫೋನಿನಲ್ಲಿ ನಮ್ಮ ಪರದೆಗಳು ಕಾಣಿಸಿಕೊಂಡವು. ಒಂದು ದೊಡ್ಡ ಹಜಾರದಲ್ಲಿ, ಒಂದು ಇಕ್ಕಟ್ಟಾದ ಅಡುಗೆಮನೆಯಲ್ಲಿ. ಇನ್ನೊಂದು ಮನೆಯಲ್ಲಿ ಬ್ರೋಕರ್ ಪರದೆಯನ್ನೇ ಬುಡಮೇಲಾಗಿ ಕಟ್ಟಿದ್ದರು. ಅಲ್ಲಿ ಎಲ್ಲ ತ್ರಿಕೋನಗಳೂ ತಲೆಕೆಳಗಾಗಿ, ಅಕ್ಕನದೊಂದೇ ನೆಟ್ಟಗೆ ನಿಂತಿತ್ತು. ಅದನ್ನು ನೋಡಿ ಅಕ್ಕ ಬಿದ್ದು ಬಿದ್ದು ನಕ್ಕಳು. ಹಾಗಿದ್ದರೂ ತುಂಬಿದ ಚೀಲ ಬಾಗಿಲ ಹಿಂದೆಯೇ ಇತ್ತು.

ಒಂದು ಸಂಜೆ ಬ್ರೋಕರ್ ಬಂದರು. ಹಾರ್ನ್ ಹೊಡೆಯಲಿಲ್ಲ. ಕಂಡಕ್ಟರಮ್ಮನ ಜಗುಲಿಯಲ್ಲಿ ನಾವು ಮೂವರೂ ಇದ್ದೆವು.

"ಅವನು ಬಂದಿದ್ದ," ಎಂದರು. "ಇಲ್ಲಿಗಲ್ಲ. ಪಕ್ಕದ ಜಿಲ್ಲೆ ಮನೆ ಹತ್ರ. ಲಾರಿ ನಿಲ್ಲಿಸ್ಕೊಂಡು ಕಾಯ್ತಾ ಇದ್ದ. 'ಈ ಪರದೆ ಹೊಲಿದವರು ಯಾರು?' ಅಂತ ಫೋನ್ ಹಿಡಿದ. ಅದ್ರಲ್ಲಿ ಹತ್ತಾರು ಮನೆ ಇತ್ತು."

"ಈ ಮನೆ?" ಎಂದಳು ಅಕ್ಕ.

"ಇತ್ತು. ಎಲ್ಲದರ ಮಧ್ಯೆ ಇದೂ ಇತ್ತು."

ನಾನು ಅಕ್ಕನ ಸೆರಗಿನ ತುದಿ ಹಿಡಿದುಕೊಂಡೆ.

"ನಾನು ನಿಮ್ಮ ಸುದ್ದಿ ಎತ್ಲಿಲ್ಲ. ಕಾರಿನ ಡಿಕ್ಕಿ ತೆಗೆದೆ. ಪರದೆ ಗಂಟು ಬಿಚ್ಚಿ ತೋರಿಸಿದೆ. ರಸ್ತೆ ಬದೀಲಿ ರಾಶಿ ಹಾಕಿ ಮಾರ್ತಿದ್ರು, ಅಗ್ಗ ಅಂತ ಎತ್ಕೊಂಡೆ, ಎಲ್ಲಾ ಮನೆಗೂ ಇದನ್ನೇ ಕಟ್ತೀನಿ ಅಂದೆ. ಅವನು ಒಂದೊಂದೇ ತೆಗೆದು ಅಂಚು ನೋಡಿದ. 'ಎಲ್ಲಾದ್ರಲ್ಲೂ ಇದೇ ತಪ್ಪು ಇದೆಯಲ್ಲ' ಅಂದ. 'ಮೆಷಿನ್ ಕೆಟ್ಟಿತ್ತೇನೋ ಬಿಡಿ, ನಿಮಗೂ ಒಂದು ಬೇಕಾ?' ಅಂದೆ. ಪರದೆ ನನ್ನ ಮುಖಕ್ಕೆ ಎಸೆದು, ಫೋನಲ್ಲಿರೋ ಫೋಟೊಗಳನ್ನೆಲ್ಲ ಅಲ್ಲೇ ಅಳಿಸಿ, ಲಾರಿ ಹತ್ತಿ ಹೋದ."

ಕಂಡಕ್ಟರಮ್ಮ ತಾವು ಕೂತಿದ್ದ ಕುರ್ಚಿ ಬಿಟ್ಟು ಎದ್ದರು. "ನೀವು ಇಲ್ಲಿ ಕೂತ್ಕೊಳ್ಳಿ," ಎಂದರು, ಪಕ್ಕದವರಿಗೆ ಮಾತ್ರ ಕೇಳುವಷ್ಟು ಮೆತ್ತಗೆ. ಆ 'ನೀವು' ಯಾರಿಗೆಂದು ತಿಳಿಯದೆ ಬ್ರೋಕರ್ ಹಿಂದೆ ತಿರುಗಿ ನೋಡಿದರು.

ಮೇಲೆ ಬಂದು ಅಕ್ಕ ಬಾಗಿಲ ಹಿಂದಿನ ಚೀಲ ಬಿಚ್ಚಿದಳು. ಸೀರೆಗಳನ್ನು ಬೀರುವಿನಲ್ಲಿಟ್ಟಳು, ನಮ್ಮ ಪರದೆಯನ್ನು ಹೊರಗೆಳೆದು ಕೊಡವಿ ಮತ್ತೆ ಕಿಟಕಿಗೆ ಕಟ್ಟಿದಳು. "ಮೆಷಿನ್ ಕೆಟ್ಟಿತ್ತಂತೆ," ಎಂದು ತನ್ನಷ್ಟಕ್ಕೆ ನಕ್ಕು, ಯಂತ್ರದ ಚಕ್ರವನ್ನು ಮೆಲ್ಲಗೆ ತಟ್ಟಿದಳು. ಬ್ರೋಕರ್‌ಗೆ ಇನ್ನಷ್ಟು ಪರದೆ ಬೇಕಿತ್ತು. ಅವಳು ಸಾಲು ಹೊಲಿಯುತ್ತಾ ಹೋಗಿ ನಡುವೆ ನಿಲ್ಲಿಸಿ, ಒಂದು ತ್ರಿಕೋನವನ್ನು ನನ್ನ ಕಡೆ ಚಾಚಿದಳು.

"ತಲೆಕೆಳಗಿಂದು ಈ ಸಲ ನೀನು ಕೂರಿಸು."

"ಎಲ್ಲಿ?"

"ನಿನಗೆಲ್ಲಿ ಬೇಕೋ ಅಲ್ಲಿ," ಎಂದು ಅವಳು ಯಂತ್ರದ ಮುಂದಿನಿಂದ ಎದ್ದು ನನಗೆ ಜಾಗ ಬಿಟ್ಟಳು.