ಆಳಿದವರ ಸಾಲು

ರಾಯದುರ್ಗದ ಕೊಟ್ರಬಸಪ್ಪನವರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಊರಿನಲ್ಲಿ ಬೇರೆ ಯಾರಿಗೂ ಇಲ್ಲದ ಒಂದು ಪದ್ಧತಿ ಉಂಟು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದ ಮೇಲೆ ಮನೆಯ ಹಿರಿಯ ಬಗ್ಗಿ, ಈ ಊರನ್ನು ಆಳಿದವರನ್ನೆಲ್ಲ ಸಾಲಾಗಿ ಹೇಳಬೇಕು. ಬೇಡರು, ವಿಜಯನಗರದವರು, ಮತ್ತೆ ಬೇಡರು, ಕೋನೇಟಿ ನಾಯಕರು, ಟಿಪ್ಪು, ನಿಜಾಮ, ಕುಂಪಣಿ, ಮದ್ರಾಸು, ಆಂಧ್ರ. ಹಾಲು ಕುಡಿಯುವ ಕೂಸಿಗೆ ಇದೆಲ್ಲ ಯಾತಕ್ಕೆ ಎಂದು ಕೇಳಬಾರದು. ಇದುವರೆಗೆ ಯಾವ ಕೂಸೂ ಕೇಳಿಲ್ಲ.

ಕೊಟ್ರಬಸಪ್ಪನವರಿಗೆ ಈಗ ಎಂಬತ್ತೆಂಟು. ಅವರು ಹುಟ್ಟಿದಾಗ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು, ಮೀಸೆ ಮೂಡುವ ಹೊತ್ತಿಗೆ ಅನಂತಪುರಕ್ಕೆ ಹೋಗಿತ್ತು. ಅವರು ಮಾತ್ರ ಅದೇ ಪಡಸಾಲೆಯಲ್ಲಿ ಕೂತೇ ಇದ್ದರು. ಈಚೆಗೆ ಮರೆವು. ಉಂಡದ್ದು ಮರೆತರೆ ಇನ್ನೊಮ್ಮೆ ಉಣ್ಣಬಹುದು, ಸಾಲು ಮರೆತರೆ ಏನು ಮಾಡುವುದು? ತಾತ ತಮ್ಮ ಕಿವಿಗೆ ಹಾಕಿದ್ದು ತಮ್ಮ ಬಾಯಲ್ಲೇ ಹರಿದು ಹೋದೀತೆಂಬ ಭಯ ಮರಿಮಗಳ ತೊಟ್ಟಿಲಿಗೆ ದಿನ ಗೊತ್ತು ಮಾಡಿದ ಈ ಒಂದು ವಾರದಿಂದ ಅವರನ್ನು ಹಿಂಡುತ್ತಿತ್ತು.

"ಚೀಟ್ಯಾಗ ಬರಕೊಡ್ತೀನಪ್ಪಾ, ನೋಡಿ ಓದ್ರಿ," ಅಂದ ಮಗ ವಾಗೀಶ್. ಜೀನ್ಸ್ ಹೊಲಿಸುವ ಯೂನಿಟ್ ನಡೆಸುವವನು, ಅವನಿಗೆ ಎಲ್ಲವೂ ಚೀಟಿಯಲ್ಲಿರಬೇಕು.

"ಓದಿ ಹೇಳಾಕ ಇದೇನು ನೋಟೀಸೇನು?"

"ನಡುವ ನಿಂತ್ರ?"

"ನಿಂತ್ರ ಅವತ್ತಿಗೆ ಈ ಪದ್ಧತಿ ಮುಗೀತಂತ ತಿಳ್ಕೊ," ಅಂದುಬಿಟ್ಟರು. ಅಂದಮೇಲೆ ಒಳಗೊಳಗೇ ಸಾಲನ್ನು ಇನ್ನೊಮ್ಮೆ ಹೇಳಿಕೊಂಡರು.

ಆ ದಿನ ಬಂತು. ಮರಿಮಗಳಿಗೆ ತನುಶ್ರೀ ಎಂದು ಹೆಸರಿಟ್ಟರು. ಕೊಟ್ರಬಸಪ್ಪನವರು ಬಗ್ಗಿ ಸಾಲು ಹಿಡಿದರು. ಅವರಿಗೆ ಕಿವಿ ಮಂದ. ತಮ್ಮ ಪಿಸುಮಾತು ಪಡಸಾಲೆಗೆಲ್ಲ ಕೇಳುತ್ತದೆಂಬುದು ಅವರೊಬ್ಬರಿಗೇ ಗೊತ್ತಿರಲಿಲ್ಲ. ಟಿಪ್ಪುವಿನ ತನಕ ಎಲ್ಲಿಯೂ ತಡೆಯಲಿಲ್ಲ. ಆಮೇಲೆ ಏನೂ ಇಲ್ಲ.

ಕೂಸಿನ ಮೈಯ ಸಾಂಬ್ರಾಣಿ ವಾಸನೆ ಮೂಗಿಗೆ ಬಂತು, ಕಣ್ಣುಗಳು ತಾವಾಗಿ ಮುಚ್ಚಿದವು. ಅವರು ಬೆಟ್ಟ ಹತ್ತುತ್ತಿದ್ದರು. ಮೊಣಕಾಲು ನೋಯುತ್ತಿರಲಿಲ್ಲ. ಕೋಟೆಯ ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬ ದೊರೆ ಕೂತು ಬಿಸಿಲಿಗೆ ತೂಕಡಿಸುತ್ತಿದ್ದ. ರುಮಾಲು ಕಣ್ಣಿನ ಮೇಲೆ ಜಾರಿ ಯಾರ ಮುಖವೂ ಕಾಣದು. ಎಬ್ಬಿಸಿ ಹೆಸರು ಕೇಳೋಣವೆಂದರೆ ದನಿಯೇ ಏಳಲಿಲ್ಲ. ಮೇಲೆ, ಬಂಡೆಯ ದೊಣೆಯ ಹತ್ತಿರ, ಹೆಂಗಸರು ಕೊಡ ತುಂಬುತ್ತಿದ್ದರು. ಇವರ ಮುಖಗಳು ಮೂಗುತಿ ಸಮೇತ ಕಂಡವು. ಒಬ್ಬಾಕೆ ತಿರುಗಿದಳು.

"ಯಾಕ ಬಸ್ಯಾ, ಇಷ್ಟು ಬೆವತೀದಿ? ಬಾ, ನೀರು ಕುಡಿ."

ಅವರಿಗೆ ಅಳು ಬಂತು.

ಇತ್ತ ಪಡಸಾಲೆಯಲ್ಲಿ ವಾಗೀಶ್ ಜೇಬಿನಿಂದ ಚೀಟಿ ತೆಗೆದ. ಅಷ್ಟರಲ್ಲಿ ತಂದೆಯ ಬಾಯಿ ತೆರೆಯಿತು.

"ನೀಲಮ್ಮ," ಅಂದರು. ಅದು ಅವರ ಅಜ್ಜಿಯ ಹೆಸರು. "ಗಂಗಮ್ಮ." ಹೆತ್ತ ತಾಯಿ. ಆಮೇಲೆ ಒಂದಿಷ್ಟು ತಡೆದು, "ದ್ರಾಕ್ಷಾಯಣಮ್ಮ."

ತೊಟ್ಟಿಲ ಹಗ್ಗ ಹಿಡಿದಿದ್ದ ಹೆಂಡತಿಯ ಕೈ ನಿಂತಿತು. ಅರವತ್ತೆರಡು ವರ್ಷದ ಸಂಸಾರದಲ್ಲಿ ಗಂಡ ಅವರನ್ನು 'ಏ ಇಕಿ' ಎಂದು ಕರೆದದ್ದುಂಟು, 'ವಾಗೀಶನ ಅವ್ವ' ಎಂದದ್ದುಂಟು. ಹೆಸರು ಹಿಡಿದದ್ದು ಇದೇ ಮೊದಲು.

"ಅಪ್ಪಾ, ಅಲ್ಲಿ ನಿಜಾಮ..." ಎಂದು ವಾಗೀಶ್ ಬಾಯಿ ಹಾಕಿದ.

"ನೀ ಸುಮ್ನಿರು," ಅಂದರು ದ್ರಾಕ್ಷಾಯಣಮ್ಮ. ಕಣ್ಣಲ್ಲಿ ನೀರು ತುಂಬಿತ್ತು. ಗಂಡನ ಕಡೆ ಬಗ್ಗಿ, "ಇನ್ನೊಮ್ಮೆ ಹೇಳ್ರಿ," ಅಂದರು. "ನನಗ ಸರಿಯಾಗಿ ಕೇಳಿಸಲಿಲ್ಲ."