ಬಿಸಿಲಿಗೆ ಹೆದರುವ ರೂಪಶ್ರೀ

ತಂತಿಯ ಬಳಿಗೆ ಹೋಗುವಾಗ ರೂಪಶ್ರೀಯ ನಡಿಗೆಯೇ ಬದಲಾಗುತ್ತದೆ. ಗುಬ್ಬಿಯ ಪೇಟೆಬೀದಿಯಲ್ಲಿ ಬಿರಬಿರನೆ ಓಡಾಡುವ ಈ ಹೆಂಗಸು ತಾರಸಿಯ ಕೊನೆಯ ಮೆಟ್ಟಿಲಿನಲ್ಲಿ ತಟ್ಟನೆ ನಿಧಾನವಾಗಿ, ಹಾಯುವ ಹಸುವಿನ ಕೊಟ್ಟಿಗೆ ಹೊಕ್ಕವಳಂತೆ, ಒಂದೊಂದೇ ಹೆಜ್ಜೆಯನ್ನು ತೂಗಿ ಇಡುತ್ತಾಳೆ. ಮನೆಗಳ ಮೇಲೆ ಸೋಲಾರ್ ಕೂರಿಸುವುದು ಅವಳ ಕಸುಬು, ಭಯಪಡುವುದು ಸ್ವಭಾವ. ಮಂಡಿಯವರೆಗೆ ಇಳಿಯುವ ಖಾಕಿ ಕೋಟು, ಅದರ ಜೇಬಿನಲ್ಲಿ ಕರೆಂಟಿನ ಕೆಲಸಕ್ಕೆಂದೇ ಮಾಡಿದ ದಪ್ಪ ರಬ್ಬರ್ ಗ್ಲೌಸು. ಮದುವೆಮನೆಗೂ ಇವನ್ನು ಬಿಟ್ಟು ಹೋದವಳಲ್ಲ. ಯಾರ ಮನೆಗೆ ಕಾಲಿಟ್ಟರೂ ಕುಶಲಪ್ರಶ್ನೆಗೆ ಮುನ್ನ 'ಅರ್ತ್ ಎಲ್ಲಿ ಕೊಟ್ಟಿದೀರಾ?' ಎಂದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿಯನ್ನು ಹುಡುಕುತ್ತಾಳೆ. ಕ್ಯಾತ್ಸಂದ್ರದ ಹೋಟೆಲಿನವರೊಬ್ಬರು 'ಮೊದ್ಲು ಕಾಫಿ ಕುಡೀರಿ ಮೇಡಂ' ಎಂದರೆ, 'ಮೊದ್ಲು ಆ ವೈರ್ ಜಾಯಿಂಟ್ ಬಿಚ್ಚಿಸ್ರಿ' ಎಂದು ನಿಂತೇ ಇದ್ದಳಂತೆ. ಬಂಧುಗಳಿಗೆ ಅವಳು ಪುಕ್ಕಲಿ, ನಗೆಯ ವಸ್ತು.

ಈ ಭಯವೇ ಕುಣಿಗಲ್ಲಿನ ಚಿಕ್ಕಮ್ಮ ಶಿವರುದ್ರಮ್ಮನ ಮನೆಯೊಂದಿಗೆ ಮಾತು ಬಿಡಿಸಿತ್ತು. ಚಿಕ್ಕಮ್ಮನ ಮಗ ಲಕ್ಷ್ಮೀಕಾಂತ್ ಸೋಲಾರ್ ಹಾಕಿಸಹೊರಟಾಗ, ಅಂಗಳದಲ್ಲಿ ಅರ್ತ್ ಗುಂಡಿ ತೋಡದೆ ಒಂದು ತಂತಿಯನ್ನೂ ಎಳೆಯೆನೆಂದು ಅವಳು ಹಟ ಹಿಡಿದಳು. ಹೊಸ ಟೈಲ್ಸ್ ಒಡೆಯಲೊಪ್ಪದ ಅವನು ಬೇರೆ ಯಾರನ್ನೋ ಕರೆಸಿ ಕೆಲಸ ಮುಗಿಸಿದ.

ಕಳೆದ ಬೇಸಿಗೆಯಲ್ಲಿ ಚಿಕ್ಕಮ್ಮನೇ ಫೋನ್ ಮಾಡಿ, 'ಮುನಿಸು ಬುಡವ್ವ, ಉಣ್ಣಕ್ಕಾದ್ರೂ ಬಾ' ಎಂದಳು. ರೂಪಶ್ರೀ ಹೋದಳು. ಊಟಕ್ಕೆ ಕೈ ತೊಳೆಯುವ ಹೊತ್ತಿಗೆ ಸುಟ್ಟ ಪ್ಲಾಸ್ಟಿಕ್ಕಿನ ಕಮಟು ತಾರಸಿಯಿಂದ ಇಳಿದು ಬಂತು. ಲಕ್ಷ್ಮೀಕಾಂತ್ ಮೇನ್ ಸ್ವಿಚ್ ಇಳಿಸಿ, ಒದ್ದೆ ಕೈಯಲ್ಲೇ ಮೆಟ್ಟಿಲು ಹಾರುತ್ತ ಹೋದ. ರೂಪಶ್ರೀ ಅವನ ಬೆನ್ನಿಗೇ ಓಡಿದಳು. ಪ್ಯಾನೆಲ್ಲುಗಳ ಕೆಳಗೆ, ಕಬ್ಬಿಣದ ಫ್ರೇಮಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದ ತಂತಿಗಳ ನಡುವೆ ನೀಲಿ ಕಿಡಿ ಚಟಚಟಿಸುತ್ತಿತ್ತು. ತಂತಿಯನ್ನು ಕಿತ್ತೊಗೆಯಲು ಅವನು ಬಾಗಿ, ಫ್ರೇಮಿನ ಕಡೆಗೆ ಕೈ ಚಾಚಿದ.

'ಮುಟ್ಟಬ್ಯಾಡ!'

'ಮೇನ್ ಆಫ್ ಮಾಡಿದೀನಿ ಕಣಕ್ಕ, ಏನಾಗಲ್ಲ ಬುಡು.'

'ಆಫ್ ಆಗಿರೋದು ಮನೆ ಕಣೋ, ಬಿಸ್ಲಲ್ಲ! ಬಿಸ್ಲು ಇರೋಗಂಟ ಆ ಕಬ್ಬಿಣದಲ್ಲಿ ಕರೆಂಟ್ ಇರುತ್ತೆ. ಹಿಂದಕ್ಕೆ ಬಾ!'

ಅವನ ಬೆರಳಿಗೂ ಕಬ್ಬಿಣಕ್ಕೂ ಗೇಣಂತರ. ತಿರುಗಿ ನೋಡಿದ. ರಕ್ತವಿಲ್ಲದ ಅವಳ ಮುಖ ಕಂಡು ಕೈ ಹಿಂದೆಳೆದುಕೊಂಡ. ಅಷ್ಟರಲ್ಲಿ ಕೊಡ ಹೊತ್ತು ಚಿಕ್ಕಮ್ಮ ಬಾಗಿಲಿಗೆ ಬಂದಿದ್ದಳು.

'ನೀರು ಬ್ಯಾಡ ಚಿಕ್ಕಮ್ಮ! ಇಬ್ರೂ ಕೆಳಗ್ ಹೋಗಿ, ಫೈರ್ ಇಂಜಿನ್‌ಗೆ ಫೋನ್ ಮಾಡಿ!'

ಕೊಬ್ಬರಿ ಒಣಹಾಕುವ ದಪ್ಪನೆಯ ಕರಿ ಟಾರ್ಪಾಲು ಗೋಡೆಯ ಬದಿಗಿತ್ತು. ರೂಪಶ್ರೀ ಗ್ಲೌಸು ತೊಟ್ಟು, ಕಿಡಿಯಿಲ್ಲದ ತುದಿಯಿಂದ, ಕಬ್ಬಿಣಕ್ಕೆ ಮೈ ಸೋಕದಂತೆ, ಪ್ಯಾನೆಲ್ಲುಗಳ ಮೇಲೆ ಅದನ್ನು ಹೊದಿಸುತ್ತ ಬಂದಳು. ಬೆನ್ನ ಮೇಲೆ ಮಧ್ಯಾಹ್ನದ ಸೂರ್ಯ. ಕಿವಿಯಲ್ಲಿ ಆ ಚಟಚಟ. ಪ್ಯಾನೆಲ್ಲುಗಳಿಗೆ ಕತ್ತಲು ಕವಿದಷ್ಟೂ ಸದ್ದು ಕುಗ್ಗಿತು, ತಡವರಿಸಿತು, ನಿಂತಿತು. ಫೈರ್ ಇಂಜಿನ್ ಬಂದಾಗ ತೆಳುವಾದ ಹೊಗೆಯಷ್ಟೇ ಉಳಿದಿತ್ತು.

ಆಮೇಲೆ ಮುದ್ದೆಯ ಮುಂದೆ ಕೂತಾಗಲೂ ಅವಳು ಗ್ಲೌಸು ಕಳಚಿರಲಿಲ್ಲ.

'ನಿಂಗೂ ಭಯ ಆಯ್ತೇನಕ್ಕ?' ಲಕ್ಷ್ಮೀಕಾಂತ್ ನಗದೆ ಕೇಳಿದ.

'ದಿನಾ ಆಗುತ್ತೆ ಕಣೋ' ಎಂದಳು.

ಸಾಹಸಿಗಳನ್ನು ಕೊಂಡಾಡುವುದು ಲೋಕಕ್ಕೆ ಸುಲಭ. ಅವರ ಮೈಮೇಲೆ ಗಾಯದ ಗುರುತುಗಳಿರುತ್ತವೆ, ಹೇಳಿಕೊಳ್ಳಲು ಕಥೆಗಳಿರುತ್ತವೆ. ಪರರ ಜೀವಕ್ಕಾಗಿ ನಿತ್ಯ ಹೆದರುವವರಿಗೆ ಸಾಕ್ಷಿಗಳು ಸಿಗುವುದು ಅಪರೂಪ. ಅವರು ಕಾಯ್ದ ಮನೆಗಳಲ್ಲಿ ಏನೂ ನಡೆದಿರುವುದಿಲ್ಲ. ಅನ್ನ ಬೇಯುತ್ತದೆ, ಮಕ್ಕಳು ತಾರಸಿಯಲ್ಲಿ ಆಡುತ್ತವೆ, ಕಾಯ್ದವರ ನೆನಪು ಯಾರಿಗೂ ಬರುವುದಿಲ್ಲ.